ಆಸ್ಪತ್ರೆಯ ಬಾಗಿಲಲ್ಲಿ ಆಡಬಾರದ ಮಾತು

"ಅಜ್ಜಾರ, ನಾ ಎತ್ತಿ ನಿಲ್ಲಿಸಿದ ಆಸ್ಪತ್ರಿ ನಾಕು. ನಾ ಬಿಟ್ಟು ಬಂದ ಮ್ಯಾಲೆ ಒಬ್ಬರರ 'ಹೊಳ್ಳಿ ಬರ್ರಿ' ಅಂತ ನನ್ನ ಕರೀಲಿಲ್ಲ. ಯಾಕ್ರಿ?"

ಕೇಳಿದವನು ಪಂಚಾಕ್ಷರಿ. ಆಸ್ಪತ್ರೆಗಳ ಆಡಳಿತದಲ್ಲಿ ಇಪ್ಪತ್ತಾರು ವರ್ಷ ಕಳೆದವನು. ವೈದ್ಯನಲ್ಲ. ವೈದ್ಯರು ಎಲ್ಲಿ ಕೂರಬೇಕು, ರೋಗಿಗಳು ಎಲ್ಲಿ ನಿಲ್ಲಬೇಕು, ಮುಂದಿನ ಐದು ವರ್ಷದಲ್ಲಿ ಆಸ್ಪತ್ರೆ ಯಾವ ದಿಕ್ಕಿಗೆ ಬೆಳೆಯಬೇಕು ಎಂದು ಗೊತ್ತುಮಾಡುವವನು. ಹದಗೆಟ್ಟ ಆಸ್ಪತ್ರೆಯವರು ಅವನನ್ನು ಕರೆಸುತ್ತಿದ್ದರು. ಅವನು ಸರಿಮಾಡುತ್ತಿದ್ದ. ಸರಿಯಾದ ಮೇಲೆ ಅವರು ಒಂದು ಶಾಲು ಹೊದಿಸಿ, ಹಾರ ಹಾಕಿ, ಫೋಟೋ ತೆಗೆಸಿ ಕಳಿಸುತ್ತಿದ್ದರು. ಅಲ್ಲಿಗೆ ಮುಗಿಯುತ್ತಿತ್ತು.

ಈಗ ಐದನೆಯ ಕರೆ ಬಂದಿತ್ತು. ಈ ಸಲ ಒಂದಲ್ಲ, ಏಳು ಆಸ್ಪತ್ರೆಗಳ ಮೇಲಿನ ಹುದ್ದೆ. ನಾಳೆಯೊಳಗೆ ಒಪ್ಪಿಗೆ ತಿಳಿಸಬೇಕು. ಆ ಪತ್ರವನ್ನು ಜೇಬಿನಲ್ಲಿಟ್ಟುಕೊಂಡೇ ಮಠಕ್ಕೆ ಬಂದಿದ್ದ. ಏಳು ಕಡೆ ದುಡಿದು ಏಳು ಕಡೆಯೂ ಮರೆತುಹೋಗುವುದಾದರೆ ಈ ದುಡಿಮೆ ಯಾರಿಗಾಗಿ ಎಂಬುದು ಅವನ ಸಂಕಟ.

ಗುರುಗಳು ದಾಸೋಹದ ಅಡುಗೆಗೆ ಮೆಂತ್ಯದ ಸೊಪ್ಪು ಸೋಸುತ್ತ ಕೂತಿದ್ದರು. ಮಠಕ್ಕೆ ಬರುವವರೆಲ್ಲ ಅವರನ್ನು ಅಜ್ಜಾರು ಎಂದೇ ಕರೆಯುತ್ತಾರೆ. ಅವರಿಗೆ ವಯಸ್ಸಾಗಿತ್ತು. ವಯಸ್ಸಾದಂತೆ ತಾಳ್ಮೆ ಹೆಚ್ಚುತ್ತದೆ ಎಂದು ಯಾರೋ ಹೇಳಿದ್ದನ್ನು ಅವರು ನಂಬುತ್ತಿರಲಿಲ್ಲ, ಏಕೆಂದರೆ ಅವರದು ಕಡಿಮೆಯಾಗುತ್ತ ಬಂದಿತ್ತು.

"ನಾಕು ಸಲ ಬಂದಿ," ಎಂದರು, ತಲೆ ಎತ್ತದೆ. "ನಾಕೂ ಸಲ ಇದನ್ನ ಕೇಳಿದಿ. ನಾಕೂ ಸಲ 'ನಾ' ಅಂತನ ಸುರು ಮಾಡಿದಿ."

ಅದು ನಿಜ. ಮೊದಲ ಆಸ್ಪತ್ರೆ ಬಿಟ್ಟಾಗ ಬಂದಿದ್ದ. ಕರ್ತವ್ಯ ಮಾಡು, ಹೊಗಳಿಕೆ ನಿರೀಕ್ಷಿಸಬೇಡ ಎಂದಿದ್ದರು. ಅವನು ಅದನ್ನು ಡೈರಿಯಲ್ಲಿ ಬರೆದುಕೊಂಡು ಹೋಗಿದ್ದ. ಎರಡನೆಯದನ್ನು ಬಿಟ್ಟಾಗ ಬಂದಿದ್ದ. ಅದೇ ಮಾತನ್ನು ಇನ್ನೊಂದು ಬಗೆಯಲ್ಲಿ ಹೇಳಿದ್ದರು. ಅದನ್ನೂ ಬರೆದುಕೊಂಡಿದ್ದ. ಮೂರನೆಯ ಸಲ ಅವರು ಏನೂ ಹೇಳದೆ ಪ್ರಸಾದ ಮಾಡಿಕೊಂಡು ಹೋಗು ಎಂದಿದ್ದರು. ಅವನು ಊಟ ಮಾಡಿ, ದಾಸೋಹದಲ್ಲಿ ಪಂಕ್ತಿಯನ್ನು ಹೇಗೆ ಕೂರಿಸಿದರೆ ಇನ್ನೂ ಬೇಗ ಬಡಿಸಬಹುದೆಂದು ಅಡುಗೆಯವರಿಗೆ ತಿಳಿಸಿ ಹೋಗಿದ್ದ. ಪ್ರತಿ ಸಲವೂ ಅವನು ಪಾದ ಮುಟ್ಟಿದಾಗ ಗುರುಗಳು ಎಲ್ಲ ಮನೆಗಳಲ್ಲಿ ಹಿರಿಯರು ಹೇಳುವಂತೆ "ಹೋಗಿ ಬಾ" ಎಂದಿದ್ದರು. ಅವನು ಹೋಗಿದ್ದ, ಬಂದಿದ್ದ.

"ತಪ್ಪು ನಂದ," ಎಂದರು ಗುರುಗಳು. "ಉಪದೇಶ ಹೇಳಿದ್ರ ನೀ ಬರಕೋತಿ. ಈ ಸಲ ಒಂದು ಕತಿ ಹೇಳತೀನಿ. ಡೈರಿ ಕೆಳಗಿಡು. ಆ ಮೊಬೈಲೂ ಇಡು."

ಪಂಚಾಕ್ಷರಿ ಎರಡನ್ನೂ ಇಟ್ಟ. ಗುರುಗಳು ಹೇಳಿದ ಕತೆ ಇದು.

ಒಂದು ಊರಿನಲ್ಲಿ ಒಂದು ಆಸ್ಪತ್ರೆ ಇತ್ತು. ಅಲ್ಲಿ ಒಳ್ಳೆಯ ವೈದ್ಯರಿದ್ದರು, ವ್ಯವಸ್ಥೆ ಮಾತ್ರ ಇರಲಿಲ್ಲ. ಹೊಟ್ಟೆನೋವಿನವನು ಅರ್ಧ ದಿನ ಕಣ್ಣಿನ ಡಾಕ್ಟರ ಬಾಗಿಲಲ್ಲಿ ಕೂತು, ಸರದಿ ಬಂದಾಗ ಬೈಸಿಕೊಂಡು ಏಳುತ್ತಿದ್ದ. ಬೇಕಾದ ಔಷಧ ಕಪಾಟಿನಲ್ಲೇ ಇದ್ದರೂ ಅದು ಯಾವ ಕಪಾಟು ಎಂದು ಯಾರಿಗೂ ತಿಳಿದಿರಲಿಲ್ಲ. ಆಸ್ಪತ್ರೆಯ ಧಣಿ ಬೇಸತ್ತು ಹೊರಊರಿನಿಂದ ಒಬ್ಬ ವ್ಯವಸ್ಥಾಪಕನನ್ನು ಕರೆಸಿದ.

ವ್ಯವಸ್ಥಾಪಕ ಅಸಾಧ್ಯ ಬುದ್ಧಿವಂತ. ಇದಕ್ಕೆ ಮೊದಲು ಮೂರು ಆಸ್ಪತ್ರೆಗಳನ್ನು ಸರಿಮಾಡಿದ್ದ. ಮೂರರಲ್ಲೂ ಈಗ ಅವನ ಹೆಸರು ಹೇಳುವವರಿರಲಿಲ್ಲ. ಒಂದು ಕಡೆ ಗೋಡೆಯ ಮೇಲೆ ಅವನ ಫೋಟೋ ತೂಗುಹಾಕಿದ್ದರು. ಸುಣ್ಣ ಬಳಿಯುವಾಗ ಇಳಿಸಿದವರು ಮತ್ತೆ ಏರಿಸಲಿಲ್ಲ. ಅದು ಅವನಿಗೆ ಮುಳ್ಳಿನಂತೆ ಚುಚ್ಚುತ್ತಿತ್ತು. ಈ ಊರಿನಲ್ಲಾದರೂ ಯಾರೂ ಇಳಿಸಲಾಗದಂಥದ್ದನ್ನು ಮಾಡಿಯೇ ಹೋಗುವುದೆಂದು ಹಟ ತೊಟ್ಟ.

ಒಂದು ವರ್ಷ ದುಡಿದ. ಚೆನ್ನಾಗಿಯೇ ದುಡಿದ. ಆಸ್ಪತ್ರೆಯ ನೆಲದ ಮೇಲೆ ಬಣ್ಣದ ಗೆರೆಗಳನ್ನು ಎಳೆಸಿದ. ಹಳದಿ ಗೆರೆ ಹಿಡಿದು ನಡೆದರೆ ಹೊಟ್ಟೆಯ ಡಾಕ್ಟರು, ನೀಲಿ ಗೆರೆ ಹಿಡಿದರೆ ಕಣ್ಣಿನ ಡಾಕ್ಟರು, ಕೆಂಪು ಗೆರೆ ನೇರ ತುರ್ತು ಚಿಕಿತ್ಸೆಗೆ. ಓದು ಬಾರದ ಮುದುಕರೂ ಯಾರನ್ನೂ ಕೇಳದೆ ತಮ್ಮ ಬಾಗಿಲು ಮುಟ್ಟಿದರು. ಔಷಧ ಕೈಗೆ ಸಿಕ್ಕಿತು. ವಾರ್ಡುಗಳಲ್ಲಿ ಫಿನಾಯಿಲ್ ವಾಸನೆ ಬಂತು.

ಆದರೆ ಗೆರೆ ಎಳೆಸಿದವನು ಯಾರೆಂದು ಯಾರೂ ಕೇಳಲಿಲ್ಲ. ಆ ಗೆರೆಗಳು ನೆಲದ ಜೊತೆಗೇ ಹುಟ್ಟಿದವು ಎಂಬಂತೆ ಜನ ಅವುಗಳ ಮೇಲೆ ನಡೆದರು. ಗುಣವಾದವರು ಡಾಕ್ಟರಿಗೆ ಕೈಮುಗಿದರು. ನರ್ಸುಗಳಿಗೆ ಪೇಡೆ ಕೊಟ್ಟರು. ವ್ಯವಸ್ಥಾಪಕ ಎದುರಿಗೆ ಬಂದರೆ, ಶೌಚಾಲಯ ಎಲ್ಲಿದೆ ಎಂದು ವಿಚಾರಿಸಿದರು. ಅವನು ತೋರಿಸಿ, ಕೋಣೆಗೆ ಬಂದು ಹಲ್ಲು ಕಡಿದ.

ಒಂದು ದಿನ, ಹೊರಗೆ ಹೋಗುವ ರೋಗಿಗಳು ಏನು ಮಾತಾಡಿಕೊಳ್ಳುತ್ತಾರೆಂದು ಕೇಳಲು ಹೆಬ್ಬಾಗಿಲ ಪಕ್ಕದ ಕಿಟಕಿಯಲ್ಲಿ ಕೂತ. ಬಾಗಿಲಲ್ಲಿ ಹಳೆಯ ಕಾವಲುಗಾರನಿದ್ದ. ಗಂಟುಮೋರೆಯ ಮನುಷ್ಯ. ಮನೆಗೆ ಹೊರಟ ಪ್ರತಿಯೊಬ್ಬ ರೋಗಿಯೂ ಅವನ ಮುಂದೆ ಒಂದು ಗಳಿಗೆ ನಿಲ್ಲುತ್ತಿದ್ದ. ಕಾವಲುಗಾರ ಹುಬ್ಬು ಗಂಟಿಕ್ಕಿ, ಗದರಿಸುವ ದನಿಯಲ್ಲಿ, "ಇನ್ನ ಈ ಕಡೆ ಬರಬ್ಯಾಡ್ರಿ!" ಎನ್ನುತ್ತಿದ್ದ. ರೋಗಿ ತಲೆ ಬಾಗಿಸಿ ಹೋಗುತ್ತಿದ್ದ. ಒಬ್ಬರಾದ ಮೇಲೆ ಒಬ್ಬರಿಗೆ ಇದೇ ಮಾತು.

ವ್ಯವಸ್ಥಾಪಕನಿಗೆ ತನ್ನ ಕಿವಿಯ ಮೇಲೇ ನಂಬಿಕೆ ಬರಲಿಲ್ಲ. ಕೋಪದಿಂದ ಹೊರಗೆ ಬಂದ.

"ಜನ ಬರಲಿ ಅಂತ ನಾ ಒಂದು ವರ್ಷ ತಲಿ ಕೆಡಿಸಿಕೊಂಡೀನಿ. ನೀ ಬಾಗಲದಾಗ ನಿಂತು ಬರಬ್ಯಾಡ್ರಿ ಅಂತೀಯಾ?"

"ಹೌದ್ರಿ ಸಾಹೇಬ್ರ," ಎಂದ ಕಾವಲುಗಾರ. "ದವಾಖಾನಿಗೆ ಹೊಳ್ಳಿ ಬರಬಾರದಲ್ರಿ."

"ಹುಚ್ಚಾ, 'ಹೋಗಿ ಬರ್ರಿ' ಅನ್ನು. ಕೈ ಮುಗಿದು ಅನ್ನು. ಅಂಗಡಿಯವರು, ಹೋಟೆಲಿನವರು, ಬೀಗರ ಮನಿಯವರು, ಎಲ್ಲಾರೂ ಹಂಗ ಅಂತಾರ."

"ಬೀಗರು ಬಂದ್ರ ನಮ್ಮ ಮನ್ಯಾಗ ನಾನೂ ಹಂಗ ಅಂತೀನ್ರಿ. ಇಲ್ಲಿ ನಾಲಿಗಿ ಹೊರಳೂದಿಲ್ಲ."

ನಾಲಿಗೆ ಹೊರಳದವನನ್ನು ವ್ಯವಸ್ಥಾಪಕ ಅಂದೇ ಕೆಲಸದಿಂದ ತೆಗೆದ. ಅವನ ಜಾಗಕ್ಕೆ ಇಸ್ತ್ರಿ ಮಾಡಿದ ಅಂಗಿ ತೊಟ್ಟ ಇಬ್ಬರನ್ನು ನಿಲ್ಲಿಸಿದ. ಕೈ ಹೇಗೆ ಮುಗಿಯಬೇಕು, ಹಲ್ಲು ಎಷ್ಟು ಕಾಣಬೇಕು, "ಹೋಗಿ ಬರ್ರಿ" ಎನ್ನುವಾಗ ಕುತ್ತಿಗೆ ಎಷ್ಟು ಬಾಗಬೇಕು, ಎಲ್ಲವನ್ನೂ ಎರಡು ದಿನ ತಾನೇ ನಿಂತು ಕಲಿಸಿದ. ಅಷ್ಟಕ್ಕೆ ಸಮಾಧಾನವಾಗದೆ ಹೆಬ್ಬಾಗಿಲಿಗೆ ಒಂದು ಕಲ್ಲಿನ ಕಮಾನು ಕಟ್ಟಿಸಿದ. ಊರುಗಳ ಹೆಬ್ಬಾಗಿಲಲ್ಲಿ ಇರುವುದಿಲ್ಲವೇ, ಅಂಥದೇ. ಒಳಗೆ ಬರುವವರಿಗೆ ಕಾಣುವಂತೆ "ಸುಸ್ವಾಗತ". ಹೊರಗೆ ಹೋಗುವವರಿಗೆ ಕಾಣುವಂತೆ "ಹೋಗಿ ಬನ್ನಿ". ಅದರ ಕೆಳಗೆ ಅವನ ಹೆಸರು. ಬಣ್ಣದಲ್ಲಿ ಬರೆಸಲಿಲ್ಲ, ಉಳಿಯಿಂದ ಕೆತ್ತಿಸಿದ. ಯಾರು ಸುಣ್ಣ ಬಳಿದರೂ ಹೋಗಬಾರದಲ್ಲ!

ಕಮಾನು ಎದ್ದ ವಾರದಲ್ಲೇ ಒಂದು ವಿಚಿತ್ರ ಶುರುವಾಯಿತು. ರೋಗಿಗಳು ಹೆಬ್ಬಾಗಿಲಿನಿಂದ ಒಳಗೆ ಬರುತ್ತಿದ್ದರು, ಹೊರಗೆ ಮಾತ್ರ ಹೋಗುತ್ತಿರಲಿಲ್ಲ. ಹಿತ್ತಲಿನಲ್ಲಿ ಬಟ್ಟೆ ಒಗೆಯುವ ಅಂಗಳವಿತ್ತು. ಒಣಹಾಕಿದ ಚಾದರಗಳ ನಡುವೆ ನುಸುಳಿ, ಅಲ್ಲಿನ ಸಣ್ಣ ಬಾಗಿಲಿನಿಂದ ಹೊರಬೀಳುತ್ತಿದ್ದರು. ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡವನೊಬ್ಬ ಅಲ್ಲಿಯವರೆಗೂ ಕುಂಟಿಕೊಂಡು ಹೋದ. ವ್ಯವಸ್ಥಾಪಕ ಹೆಬ್ಬಾಗಿಲ ಎರಡೂ ಕಡೆ ಹೂವಿನ ಕುಂಡ ಇಡಿಸಿದ. ಬಾಣದ ಗುರುತು ಹಾಕಿಸಿದ. ಹೊರಗೆ ಹೋಗುವವರಿಗೆಂದೇ ಹಸಿರು ಗೆರೆ ಎಳೆಸಿದ. ಜನ ಹಸಿರು ಗೆರೆಯನ್ನು ದಾಟಿ ಹಿತ್ತಲಿಗೆ ನಡೆದರು.

ಇಲ್ಲಿ ಪಂಚಾಕ್ಷರಿಗೆ ತಡೆಯಲಾಗಲಿಲ್ಲ. "ಅಜ್ಜಾರ, ಅಲ್ಲಿ ಬರೂದಕ್ಕೊಂದು, ಹೋಗೂದಕ್ಕೊಂದು, ಬ್ಯಾರೆ ಬ್ಯಾರೆ ಬಾಗಿಲಾ ಮಾಡಬೇಕಿತ್ರಿ. ಒಂದ ಗೇಟಿನ್ಯಾಗ ಎರಡೂ ನಡಸಿದ್ರ ಹಿಂಗ ಆಗತೈತಿ."

ಗುರುಗಳು ಸೊಪ್ಪಿನ ಕಟ್ಟನ್ನು ಮೊರದ ಮೇಲೆ ಕುಕ್ಕಿದರು. "ನನ್ನ ಕತಿಗೂ ಯೋಜನಾ ಹಾಕತೀಯೇನೋ? ಸುಮ್ಮನ ಕೇಳತೀಯೋ, ನಾ ಏಳಲ್ಯೋ?"

ಪಂಚಾಕ್ಷರಿ ಬಾಯಿ ಮುಚ್ಚಿಕೊಂಡ. ಗುರುಗಳು ಮುಂದುವರಿಸಿದರು.

ವ್ಯವಸ್ಥಾಪಕ ಮೀಟಿಂಗು ಕರೆದ. ಡಾಕ್ಟರುಗಳು ಬಂದರು, ಬಿಸ್ಕತ್ತು ತಿಂದರು, ತಮಗೇನೂ ಗೊತ್ತಿಲ್ಲ ಎಂದರು. ಅವರಿಗೆ ಗೊತ್ತಿತ್ತು. ಅವರೂ ಸಂಜೆ ಹಿತ್ತಲಿನಿಂದಲೇ ಮನೆಗೆ ಹೋಗುತ್ತಿದ್ದರು. ಆದರೆ ಕಲ್ಲಿನಲ್ಲಿ ಹೆಸರು ಕೆತ್ತಿಸಿಕೊಂಡವನ ಮುಂದೆ ಯಾರು ಬಾಯಿಬಿಡುತ್ತಾರೆ? ವ್ಯವಸ್ಥಾಪಕ ಮರುದಿನ ಹಿತ್ತಲಿನ ಬಾಗಿಲಿಗೆ ಬೀಗ ಜಡಿಸಿ, ಬೀಗದ ಕೈಯನ್ನು ತನ್ನ ಜೇಬಿಗೆ ಹಾಕಿಕೊಂಡ.

ಈಗ ಜನಕ್ಕೆ ಕಮಾನಿನ ಕೆಳಗೆ ಹೋಗದೆ ಗತಿಯಿರಲಿಲ್ಲ. ಹೋದರು. ಆದರೆ ಹಿಂದುಮುಂದಾಗಿ ಹೋದರು. ಆಸ್ಪತ್ರೆಯ ಕಡೆ ಮುಖ ಮಾಡಿ, ಬೆನ್ನು ರಸ್ತೆಗೆ ಕೊಟ್ಟು, ಆ ಅಕ್ಷರ ಕಣ್ಣಿಗೆ ಬೀಳದ ಹಾಗೆ, ಇಸ್ತ್ರಿ ಅಂಗಿಯವರ ಮಾತು ಬೀಳದ ಹಾಗೆ ಎರಡೂ ಕಿವಿ ಮುಚ್ಚಿಕೊಂಡು, ಹೆಜ್ಜೆ ಹೆಜ್ಜೆಯಾಗಿ ಹಿಂದೆ ಸರಿದರು. ಕಿಟಕಿಯಿಂದ ನೋಡುತ್ತಿದ್ದ ವ್ಯವಸ್ಥಾಪಕ ತಲೆ ತಲೆ ಚಚ್ಚಿಕೊಂಡ. ಇಂಥ ಮೂಢರಿಗೆ ಇಷ್ಟು ಒಳ್ಳೆಯ ಆಸ್ಪತ್ರೆ ಯಾಕೆ ಬೇಕು ಎಂದು ಒಬ್ಬನೇ ಕೂಗಾಡಿದ.

ಒಂದು ದಿನ ಕಣ್ಣಿನ ಪೊರೆ ತೆಗೆಸಿಕೊಂಡ ಒಬ್ಬ ಮುದುಕಿ ಹೀಗೆಯೇ ಹಿಂದೆ ಹಿಂದೆ ನಡೆಯುತ್ತ ಹೂವಿನ ಕುಂಡಕ್ಕೆ ಎಡವಿದಳು. ಬಿದ್ದಳು, ಸೊಂಟ ಮುರಿಯಿತು. ಕಮಾನಿನ ಕೆಳಗಿನಿಂದಲೇ ಎತ್ತಿ ಒಳಗೆ ಒಯ್ದರು. ಕಲ್ಲಿನ ಮೇಲೆ ಬರೆದದ್ದು ನಿಜವಾಯಿತು ಎಂದು ಊರಿಗೆ ಊರೇ ಮಾತಾಡಿಕೊಂಡಿತು. ಅಂದಿನಿಂದ ಹೊಸ ರೋಗಿಗಳು ಒಳಗೆ ಬರುವುದೂ ಕಡಿಮೆಯಾಯಿತು. ಹಳದಿ ಗೆರೆಯ ಮೇಲೆ ಧೂಳು ಕೂತಿತು.

ಧಣಿ ಕೇಳಿದರೆ ಏನು ಹೇಳುವುದೆಂದು ವ್ಯವಸ್ಥಾಪಕ ಚಿಂತೆಗೆ ಬಿದ್ದಿರುವಾಗಲೇ ಅವನ ಹೆಂಡತಿಗೆ ಹೊಟ್ಟೆನೋವು ಬಂತು. ಕರುಳಿನ ತುದಿ ಬಾತು ಒಡೆಯುವುದರಲ್ಲಿತ್ತು. ಇದೇ ಆಸ್ಪತ್ರೆಯ ವೈದ್ಯರು ಆಪರೇಷನ್ ಮಾಡಿದರು. ಎರಡು ದಿನ ಅವಳು ಉಳಿಯುತ್ತಾಳೆಂದು ಯಾರಿಗೂ ಭರವಸೆಯಿರಲಿಲ್ಲ. ವ್ಯವಸ್ಥಾಪಕ ತಾನೇ ಎಳೆಸಿದ ಕೆಂಪು ಗೆರೆಯ ಮೇಲೆ ಹಿಂದೆ ಮುಂದೆ ನಡೆದ. ತನ್ನ ಹೆಸರು ಆ ಎರಡು ದಿನ ಅವನಿಗೇ ನೆನಪಾಗಲಿಲ್ಲ. ಹತ್ತನೆಯ ದಿನ ಡಾಕ್ಟರು, ಇನ್ನು ಮನೆಗೆ ಕರೆದುಕೊಂಡು ಹೋಗಬಹುದು ಎಂದರು.

ಅವನು ಹೆಂಡತಿಯ ಕೈ ಹಿಡಿದು ನಡೆಸಿಕೊಂಡು ಬಂದ. ಕಮಾನಿನ ಹತ್ತಿರ ಬಂದಾಗ ಅವಳು ನಿಂತುಬಿಟ್ಟಳು. ತಲೆ ಎತ್ತಿ ಓದಿದಳು. ಮೊದಲು ದೊಡ್ಡ ಅಕ್ಷರ, ಆಮೇಲೆ ಅದರ ಕೆಳಗಿನ ಸಣ್ಣ ಅಕ್ಷರ.

"ಕೆಳಗ ನಿಮ್ಮ ಹೆಸರ ಐತಿ ನೋಡ್ರಿ," ಎಂದಳು. "ನೀವ ನನಗ ಇಲ್ಲಿಗೆ ಹೊಳ್ಳಿ ಬಾ ಅಂದಂಗ ಆತು."

ಅವನು ಏನೋ ಸಮಾಧಾನ ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ಇಸ್ತ್ರಿ ಅಂಗಿಯ ಇಬ್ಬರೂ ಕೈಮುಗಿದು, ಅವನು ಕಲಿಸಿದಷ್ಟೇ ಹಲ್ಲು ತೋರಿಸಿ, ಅವನು ಕಲಿಸಿದಷ್ಟೇ ಕುತ್ತಿಗೆ ಬಾಗಿಸಿ, "ಹೋಗಿ ಬರ್ರೀ ಅವ್ವಾರ" ಎಂದರು.

"ಬಾಯಿ ಮುಚ್ಚರಲೇ!" ಎಂದು ವ್ಯವಸ್ಥಾಪಕ ಕಿರುಚಿದ.

ಇಡೀ ಹೊರರೋಗಿ ವಿಭಾಗ ತಿರುಗಿ ನೋಡಿತು. ಆ ಇಬ್ಬರ ತಪ್ಪೇನೂ ಇರಲಿಲ್ಲ, ಅದು ಅವನಿಗೂ ಗೊತ್ತಿತ್ತು. ಆದರೆ ಆ ಮಾತು ಈಗ ತನ್ನ ಹೆಂಡತಿಯ ಮೇಲೆ ಬಿದ್ದಿತ್ತು. ಊರಿನ ಜನ ಕಮಾನು ಎದ್ದಂದಿನಿಂದ ಯಾವುದಕ್ಕೆ ಹೆದರಿದ್ದರೋ ಅದಕ್ಕೇ ಅವನೂ ಹೆದರಿದ. ಅವರನ್ನು ಮೂಢರೆಂದು ಕೂಗಾಡಿದವನೂ ಇವನೇ.

ಜೇಬಿನಿಂದ ಬೀಗದ ಕೈ ತೆಗೆದ. ಹೆಂಡತಿಯನ್ನು ಹಿತ್ತಲಿಗೆ ಕರೆದೊಯ್ದ. ಒದ್ದೆ ಚಾದರಗಳನ್ನು ಒಂದೊಂದಾಗಿ ಕೈಯಿಂದ ಎತ್ತಿ ಹಿಡಿದು ಅವಳಿಗೆ ದಾರಿ ಮಾಡಿಕೊಟ್ಟ. ಸಣ್ಣ ಬಾಗಿಲು ತೆರೆದಾಗ ಎದುರಿಗೆ ರಸ್ತೆ, ರಸ್ತೆಯಾಚೆ ಒಂದು ಬೇವಿನ ಮರ, ಅದರ ಕೆಳಗೆ ಎಳನೀರಿನ ರಾಶಿ. ಎಳನೀರು ಕೆತ್ತುತ್ತಿದ್ದವನು ಹಳೆಯ ಕಾವಲುಗಾರ.

ಆ ಮರದ ಕೆಳಗೆ ಯಾವಾಗಲೂ ಜನ ಇರುವುದನ್ನು ವ್ಯವಸ್ಥಾಪಕ ತನ್ನ ಕೋಣೆಯ ಕಿಟಕಿಯಿಂದ ನೋಡಿದ್ದ. ಆಸ್ಪತ್ರೆಯ ಹತ್ತಿರ ಎಳನೀರಿಗೆ ಗಿರಾಕಿ ಹೆಚ್ಚು ಎಂದುಕೊಂಡಿದ್ದ. ಈಗ ಹತ್ತಿರದಿಂದ ನೋಡಿದ. ಅಲ್ಲಿ ನಿಂತವರ ಕೈಯಲ್ಲಿ ಆಸ್ಪತ್ರೆಯ ಚೀಟಿ, ಬಗಲಲ್ಲಿ ಬಟ್ಟೆಯ ಗಂಟು. ಎಲ್ಲರೂ ಗುಣವಾಗಿ ಮನೆಗೆ ಹೊರಟವರು. ಕಾವಲುಗಾರ ಒಬ್ಬೊಬ್ಬರಿಗೂ ಎಳನೀರು ಕೆತ್ತಿ ಕೊಟ್ಟು, ಕುಡಿದು ಮುಗಿದ ಮೇಲೆ, ಅದೇ ಗಂಟುಮೋರೆಯಲ್ಲಿ ಅದೇ ಮಾತು ಹೇಳಿ ಕಳಿಸುತ್ತಿದ್ದ. ಹೇಳಿಸಿಕೊಳ್ಳದೆ ಯಾರೂ ಊರಿನ ಬಸ್ಸು ಹತ್ತುತ್ತಿರಲಿಲ್ಲ.

ವ್ಯವಸ್ಥಾಪಕನ ಹೆಂಡತಿಯೂ ಸರದಿಯಲ್ಲಿ ನಿಂತಳು. ಎಳನೀರು ಕುಡಿದಳು. ಕಾವಲುಗಾರ ಅವಳನ್ನೂ, ಪಕ್ಕದಲ್ಲಿ ನಿಂತವನನ್ನೂ ನೋಡಿದ. ಅವಳ ಕಡೆ ತಿರುಗಿ ಹುಬ್ಬು ಗಂಟಿಕ್ಕಿದ.

"ಯವ್ವಾ, ಇನ್ನ ಈ ಕಡೆ ಬರಬ್ಯಾಡ್ರಿ!"

ಅವಳ ಕಣ್ಣಲ್ಲಿ ನೀರು ಬಂತು. ಹತ್ತು ದಿನದಲ್ಲಿ ಮೊದಲ ಸಲ ನಕ್ಕಳು. ಗಂಡನ ಕೈ ಬಿಟ್ಟು, ತಾನೇ ನಡೆದುಹೋಗಿ ಗಾಡಿಯಲ್ಲಿ ಕೂತಳು.

ವ್ಯವಸ್ಥಾಪಕ ಅಲ್ಲೇ ನಿಂತ. ತಾನು ಈ ಮನುಷ್ಯನ ಅನ್ನ ಕಿತ್ತುಕೊಂಡವನು. ಆದರೂ ಅವನ ಗದರಿಕೆ ತನಗೂ ಬೇಕೆನ್ನಿಸಿತು.

"ನನಗೂ ಒಂದು ಸಲ ಅಂದುಬಿಡೋ ಮಾರಾಯಾ," ಎಂದ.

ಕಾವಲುಗಾರ ಅವನನ್ನು ತಲೆಯಿಂದ ಕಾಲಿನವರೆಗೆ ನೋಡಿದ. ಸಿಟ್ಟಿನಿಂದಲ್ಲ, ರೋಗಿಯನ್ನು ನೋಡುವ ಹಾಗೆ ನೋಡಿದ.

"ನಿಮಗಿನ್ನೂ ಗುಣ ಆಗಿಲ್ಲರಿ ಸಾಹೇಬ್ರ," ಎಂದ. "ಆದ ದಿನ ಅಂತೀನಿ."

ಗುರುಗಳು ಅಲ್ಲಿಗೆ ನಿಲ್ಲಿಸಿ ಇನ್ನೊಂದು ಕಟ್ಟು ಸೊಪ್ಪು ಬಿಚ್ಚಿದರು.

ಪಂಚಾಕ್ಷರಿಯ ಡೈರಿ ಪಕ್ಕದಲ್ಲೇ ಇತ್ತು. ಅದನ್ನು ಮುಟ್ಟಲಿಲ್ಲ. ಮೊಬೈಲು ಎರಡು ಸಲ ಗುಂಯ್‌ಗುಟ್ಟಿತು. ಅದನ್ನೂ ಮುಟ್ಟಲಿಲ್ಲ. ಎರಡನೆಯ ಆಸ್ಪತ್ರೆಯಲ್ಲಿ ಬಾಣಂತಿಯರ ವಾರ್ಡಿನ ಒಬ್ಬ ಆಯಾ ಅವನಿಗೆ ನೆನಪಾದಳು. ಹೊರಡುವ ಪ್ರತಿ ಕೂಸಿನ ಹಣೆಗೆ ಕಾಡಿಗೆಯ ಬೊಟ್ಟು ಇಡುತ್ತ ಹೊತ್ತು ಕಳೆಯುತ್ತಾಳೆಂದು ಅವಳನ್ನು ಬಟ್ಟೆ ಒಗೆಯುವ ಕಡೆಗೆ ಹಾಕಿದ್ದ. ಅವಳ ಹೆಸರೇನು ಎಂದು ಯೋಚಿಸಿದ. ನೆನಪಾಗಲಿಲ್ಲ. ತನ್ನ ಹೆಸರನ್ನು ಯಾರೂ ನೆನೆಯಲಿಲ್ಲ ಎಂದು ನಾಲ್ಕು ಸಲ ಇಲ್ಲಿ ಬಂದು ಅತ್ತವನಿಗೆ ನಾಚಿಕೆಯಾಯಿತು.

ಅವನು ಮತ್ತೆ 'ನಾ' ಎಂದೇ ಶುರುಮಾಡುತ್ತಾನೆಂದು ಗುರುಗಳು ಆಗಲೇ ನಿಟ್ಟುಸಿರಿಗೆ ಸಿದ್ಧರಾಗಿದ್ದರು.

"ಆ ಕಾವಲುಗಾರಗ ಅವನ ಕೆಲಸ ಹೊಳ್ಳಿ ಸಿಕ್ಕಿತೇನ್ರಿ, ಅಜ್ಜಾರ?"

ಸೊಪ್ಪು ಸೋಸುತ್ತಿದ್ದ ಕೈ ನಿಂತಿತು. ಗುರುಗಳು ತಲೆ ಎತ್ತಿ ಅವನ ಮುಖ ನೋಡಿದರು. ಮೊರವನ್ನು ಪಕ್ಕಕ್ಕೆ ಸರಿಸಿ, ಮೊಣಕಾಲು ಹಿಡಿದುಕೊಂಡು ಎದ್ದರು. ಹಿಂದಿನ ಮೂರು ಭೇಟಿಗಳಲ್ಲಿ ಒಮ್ಮೆಯೂ ಎದ್ದು ಬಂದವರಲ್ಲ, ಈಗ ಅವನ ಜೊತೆಗೆ ಮಠದ ಹೊಸ್ತಿಲವರೆಗೂ ನಡೆದು ಬಂದರು. ಪಂಚಾಕ್ಷರಿ ಬಗ್ಗಿ ಪಾದ ಮುಟ್ಟಿದ. ಎಂದಿನ "ಹೋಗಿ ಬಾ" ಕೇಳಲು ತಲೆ ತಗ್ಗಿಸಿಕೊಂಡೇ ಕಾದ.

ಗುರುಗಳು ಹುಬ್ಬು ಗಂಟಿಕ್ಕಿದರು.

"ಹೋಗು, ಪಂಚಾಕ್ಷರಿ. ಇನ್ನ ಈ ಕಡೆ ಬರಬ್ಯಾಡ."